ಓದುಗರ ಓಲೆ

ಕಥೆಯನ್ನು ಕೇಳಿ ಸುಮ್ಮನಿರುವುದು ಮನುಷ್ಯನ ಸ್ವಭಾವವಲ್ಲ. ಇರುಳೆಲ್ಲ ಬಯಲಾಟವನ್ನು ನೋಡಿ ನಸುಕಿನಲ್ಲಿ ಮನೆಗೆ ಮರಳುವವರು ಕರ್ಣನು ಹೆಚ್ಚೋ ಅರ್ಜುನನು ಹೆಚ್ಚೋ ಎಂದು ದಾರಿಯುದ್ದಕ್ಕೂ ವಾದಿಸುತ್ತ ನಡೆಯುತ್ತಾರೆ. ಒಬ್ಬನಿಗೆ ಕರ್ಣನ ಔದಾರ್ಯ ಮೆಚ್ಚಿಗೆ. ಮತ್ತೊಬ್ಬನಿಗೆ ಅರ್ಜುನನ ಏಕಾಗ್ರತೆ ಮೆಚ್ಚಿಗೆ. ಊರು ಸೇರುವ ಹೊತ್ತಿಗೆ ವಾದವೇನೂ ಮುಗಿದಿರುವುದಿಲ್ಲ. ಆದರೆ ಕಥೆಯ ಅರ್ಥವು ಇಬ್ಬರಿಗೂ ಮೊದಲಿಗಿಂತ ಚೆನ್ನಾಗಿ ಹೊಳೆದಿರುತ್ತದೆ.

ಇಂತಹ ವಾದಗಳು ಎಲ್ಲ ನಾಡುಗಳಲ್ಲಿಯೂ ಉಂಟು. ಅಮೆರಿಕದಲ್ಲಿ ಕಾಮಿಕ್ಸ್ ಎಂದು ಕರೆಯಲಾಗುವ ಚಿತ್ರಕಥೆಯ ಪುಸ್ತಕಗಳು ಬಹಳ ಜನಪ್ರಿಯವಾಗಿವೆ. ಆಕಾಶದಲ್ಲಿ ಹಾರುವ ಸೂಪರ್‌ಮ್ಯಾನ್, ಕತ್ತಲಲ್ಲಿ ದುಷ್ಟರ ಬೆನ್ನಟ್ಟುವ ಬ್ಯಾಟ್‌ಮ್ಯಾನ್, ಜೇಡನಂತೆ ಗೋಡೆಯನ್ನೇರುವ ಸ್ಪೈಡರ್‌ಮ್ಯಾನ್ ಮೊದಲಾದ ಅತಿಮಾನುಷ ವೀರರು ಅವುಗಳ ನಾಯಕರು. ಇವರಲ್ಲಿ ಯಾರು ಮೇಲು, ಯಾರ ಕಥೆ ಸೊಗಸು ಎಂಬ ಚರ್ಚೆಯು ಅಲ್ಲಿ ಹಲವು ತಲೆಮಾರುಗಳಿಂದ ನಡೆದುಬಂದಿದೆ. ಮೇಲುನೋಟಕ್ಕೆ ಇದು ಬರಿಯ ಕಾಲಹರಣವೆಂದು ತೋರಬಹುದು. ಆದರೆ ಈ ಚರ್ಚೆಯಿಂದ ಲೇಖಕರು ಹುಟ್ಟಿದರು. ದೂರದೂರದ ಊರುಗಳವರು ಗೆಳೆಯರಾದರು. ಒಮ್ಮೆ ಒಂದು ಕಥಾಪಾತ್ರದ ಪ್ರಾಣವೂ ಹೋಯಿತು. ಓದುಗನ ಮಾತಿಗೆ ಎಷ್ಟು ಬಲವಿದೆ ಎಂಬುದನ್ನು ಈ ವೃತ್ತಾಂತವು ತಿಳಿಸಿಕೊಡುತ್ತದೆ.

ಈ ಸಂಪ್ರದಾಯಕ್ಕೆ ತಳಹದಿ ಬಿದ್ದದ್ದು ಕಾಮಿಕ್ಸ್ ಪುಸ್ತಕಗಳಲ್ಲಿ ಅಲ್ಲ. ವೈಜ್ಞಾನಿಕ ಕಥೆಗಳ ಮಾಸಪತ್ರಿಕೆಯೊಂದರಲ್ಲಿ. 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಎಂಬವರು ನ್ಯೂಯಾರ್ಕಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಓದುಗರು ಬರೆದ ಕಾಗದಗಳನ್ನು ಅವರು ಅದರಲ್ಲಿ ಅಚ್ಚುಮಾಡಿದರು. ಅಷ್ಟೇ ಅಲ್ಲ, ಕಾಗದ ಬರೆದವರ ಹೆಸರಿನೊಡನೆ ಅವರ ವಿಳಾಸವನ್ನೂ ಪ್ರಕಟಿಸಿದರು. ಇದರ ಪರಿಣಾಮವನ್ನು ಬಹುಶಃ ಯಾರೂ ಊಹಿಸಿರಲಾರರು. ತನ್ನಂತೆಯೇ ಆಲೋಚಿಸುವ ಮತ್ತೊಬ್ಬನು ಇಂತಹ ಊರಿನ ಇಂತಹ ಬೀದಿಯಲ್ಲಿದ್ದಾನೆ ಎಂದು ತಿಳಿದ ಹುಡುಗನು ನೇರವಾಗಿ ಅವನಿಗೇ ಕಾಗದ ಬರೆದನು. ಹೀಗೆ ಒಬ್ಬರ ಮುಖವನ್ನು ಒಬ್ಬರು ಕಾಣದ ಓದುಗರ ನಡುವೆ ಸ್ನೇಹ ಬೆಳೆಯಿತು. ಕೆಲವರು ತಾವೇ ಚಿಕ್ಕ ಪತ್ರಿಕೆಗಳನ್ನು ಸಿದ್ಧಪಡಿಸಿ ಗೆಳೆಯರಿಗೆ ಅಂಚೆಯಲ್ಲಿ ಕಳುಹಿಸತೊಡಗಿದರು. ಜೂಲಿಯಸ್ ಷ್ವಾರ್ಟ್ಸ್ ಮತ್ತು ಮಾರ್ಟ್ ವೈಸಿಂಗರ್ ಎಂಬ ನ್ಯೂಯಾರ್ಕಿನ ತರುಣರು ಕೆಲವರು ಗೆಳೆಯರೊಡನೆ ಸೇರಿ 1932ರಲ್ಲಿ ಅಂತಹ ಒಂದು ಪತ್ರಿಕೆಯನ್ನು ಹೊರಡಿಸಿದರು. ಇವರಿಬ್ಬರ ಹೆಸರು ಈ ವೃತ್ತಾಂತದಲ್ಲಿ ಮುಂದೆಯೂ ಬರುತ್ತದೆ.

ಅದೇ ಕಾಲದಲ್ಲಿ ಕ್ಲೀವ್‌ಲೆಂಡ್ ನಗರದ ಪ್ರೌಢಶಾಲೆಯೊಂದರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಷೂಸ್ಟರ್ ಎಂಬ ಇಬ್ಬರು ಹುಡುಗರು ಓದುತ್ತಿದ್ದರು. ಇಬ್ಬರೂ 1914ರಲ್ಲಿ ಹುಟ್ಟಿದವರು. ಇಬ್ಬರೂ ಸಂಕೋಚದ ಸ್ವಭಾವದವರು. ಇಬ್ಬರಿಗೂ ವೈಜ್ಞಾನಿಕ ಕಥೆಗಳೆಂದರೆ ಪ್ರಾಣ. ಸೀಗಲ್ ಕಥೆ ಕಟ್ಟುವುದರಲ್ಲಿ ನಿಪುಣ. ಷೂಸ್ಟರ್ ಚಿತ್ರ ಬರೆಯುವುದರಲ್ಲಿ ನಿಪುಣ. ಮಾಸಪತ್ರಿಕೆಗಳಿಗೆ ಕಾಗದ ಬರೆಯುತ್ತಿದ್ದ ಸೀಗಲ್, ಗೆಳೆಯನೊಡಗೂಡಿ ತಾನೇ ಒಂದು ಪತ್ರಿಕೆಯನ್ನು ಆರಂಭಿಸಿದನು. 1933ರಲ್ಲಿ ಅದರಲ್ಲಿ ಬಂದ ಒಂದು ಕಥೆಯಲ್ಲಿ ‘ಸೂಪರ್‌ಮ್ಯಾನ್’ ಎಂಬ ಹೆಸರು ಕಾಣಿಸಿಕೊಂಡಿತು. ಆ ಕಥೆಯ ಸೂಪರ್‌ಮ್ಯಾನ್ ದುಷ್ಟನಾಗಿದ್ದನು. ಅನಂತರ ಗೆಳೆಯರಿಬ್ಬರೂ ಅದೇ ಹೆಸರನ್ನು ದೀನರ ರಕ್ಷಕನಾದ ಒಬ್ಬ ವೀರನಿಗೆ ಕೊಟ್ಟರು. ಆ ವೀರನ ಕಥೆಯನ್ನು ಹಲವರು ತಿರಸ್ಕರಿಸಿದರು. ಕೊನೆಗೆ 1938ರಲ್ಲಿ ‘ಆಕ್ಷನ್ ಕಾಮಿಕ್ಸ್’ ಎಂಬ ಹತ್ತು ಸೆಂಟಿನ ಪುಸ್ತಕದ ಮೊದಲ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಹದಿಮೂರು ಪುಟಗಳ ಆ ಕಥೆಗೆ ಪ್ರಕಾಶಕರು ಕೊಟ್ಟ ಹಣ 130 ಡಾಲರುಗಳು. ಆ ಹಣದೊಡನೆ ಸೂಪರ್‌ಮ್ಯಾನ್ ಎಂಬ ಪಾತ್ರದ ಮೇಲಿನ ಸಕಲ ಹಕ್ಕೂ ಪ್ರಕಾಶಕರಿಗೆ ಸೇರಿಹೋಯಿತು. ತರುಣರಿಗೆ ಆ ಬರಹದ ಭಾರವು ಅಂದು ತಿಳಿಯಲಿಲ್ಲ.

ಸೂಪರ್‌ಮ್ಯಾನನ ಕೀರ್ತಿ ಬೇಗನೆ ಹಬ್ಬಿತು. ಮರುವರ್ಷ ಬ್ಯಾಟ್‌ಮ್ಯಾನ್ ಬಂದನು. 1940ರಲ್ಲಿ ಅವನ ಜೊತೆಗಾರನಾಗಿ ರಾಬಿನ್ ಎಂಬ ಬಾಲಕನು ಬಂದನು. 1941ರಲ್ಲಿ ವಂಡರ್ ವುಮನ್ ಎಂಬ ವೀರನಾರಿಯೂ ಬಂದಳು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಈ ಉತ್ಸಾಹವು ಇಳಿಯಿತು. ವೀರರ ಕಥೆಗಳು ಹಿಂದೆ ಸರಿದು, ಕೊಲೆ ಸುಲಿಗೆಗಳ ಮತ್ತು ಭಯಂಕರ ದೃಶ್ಯಗಳ ಪುಸ್ತಕಗಳು ಅಂಗಡಿಗಳನ್ನು ತುಂಬಿದವು. ತಂದೆತಾಯಿಗಳು ಕಳವಳಗೊಂಡರು. ಕೆಲವು ಊರುಗಳಲ್ಲಿ ಮಕ್ಕಳಿಂದಲೇ ಪುಸ್ತಕಗಳನ್ನು ರಾಶಿ ಹಾಕಿಸಿ ಬೆಂಕಿಯಿಟ್ಟದ್ದೂ ಉಂಟು. ಫ್ರೆಡರಿಕ್ ವರ್ತಮ್ ಎಂಬ ಮನೋವೈದ್ಯರು 1954ರಲ್ಲಿ ಗ್ರಂಥವೊಂದನ್ನು ಬರೆದು, ಮಕ್ಕಳು ದಾರಿ ತಪ್ಪಲು ಕಾಮಿಕ್ಸ್ ಪುಸ್ತಕಗಳು ಕಾರಣವೆಂದು ವಾದಿಸಿದರು. ಅದೇ ವರ್ಷ ಅಮೆರಿಕದ ಸೆನೆಟ್ಟಿನ ಉಪಸಮಿತಿಯು ಇದನ್ನು ಕುರಿತು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ, ಯಾವುದನ್ನು ಚಿತ್ರಿಸಬಹುದು, ಯಾವುದನ್ನು ಚಿತ್ರಿಸಬಾರದು ಎಂಬ ನಿಯಮಾವಳಿಯೊಂದನ್ನು ತಾವೇ ರಚಿಸಿಕೊಂಡರು. ಆ ನಿಯಮಾವಳಿಯು ಸಡಿಲವಾಗುತ್ತ ಬಂದು, 2011ರಲ್ಲಿ ಪೂರ್ತಿಯಾಗಿ ಮರೆಯಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಎಲ್ಲ ಗದ್ದಲದಲ್ಲಿ ವೈದ್ಯರು ಮಾತನಾಡಿದರು, ಪ್ರಕಾಶಕರು ಮಾತನಾಡಿದರು, ರಾಜಕಾರಣಿಗಳು ಮಾತನಾಡಿದರು. ಪುಸ್ತಕಗಳನ್ನು ಓದುತ್ತಿದ್ದ ಮಕ್ಕಳ ಮಾತಿಗೆ ಮಾತ್ರ ಅಲ್ಲಿ ಹೆಚ್ಚಿನ ಬೆಲೆ ಸಿಗಲಿಲ್ಲ.

ಆ ಬೆಲೆ ಸಿಗುವ ಕಾಲವು ಮುಂದೆ ಬಂದಿತು. 1932ರಲ್ಲಿ ಚಿಕ್ಕ ಪತ್ರಿಕೆಯನ್ನು ಹೊರಡಿಸಿದ್ದ ಜೂಲಿಯಸ್ ಷ್ವಾರ್ಟ್ಸ್ ಅಷ್ಟರಲ್ಲಿ ಕಾಮಿಕ್ಸ್ ಸಂಪಾದಕರಾಗಿದ್ದರು. 1956ರಲ್ಲಿ ಅವರ ಸಂಪಾದಕತ್ವದಲ್ಲಿ ‘ಫ್ಲ್ಯಾಷ್’ ಎಂಬ ಹಳೆಯ ವೀರನ ಹೆಸರಿಗೆ ಹೊಸ ರೂಪ ಬಂದಿತು. ಆ ಕಥೆಯ ನಾಯಕನಾದ ಬ್ಯಾರಿ ಆ್ಯಲೆನ್ ಪೊಲೀಸ್ ಇಲಾಖೆಯ ರಸಾಯನ ವಿಜ್ಞಾನಿ. ಅವನು ಕಥೆಯ ಆರಂಭದಲ್ಲಿ ಕುಳಿತು ಓದುವುದು ಏನನ್ನು? ಹಳೆಯ ಫ್ಲ್ಯಾಷ್ ಕಾಮಿಕ್ಸ್ ಪುಸ್ತಕವನ್ನು! ಮಿಂಚಿನ ವೇಗವು ತನಗೆ ಒದಗಿದಾಗ ಅವನು ತನ್ನ ಮೆಚ್ಚಿನ ವೀರನ ಹೆಸರನ್ನೇ ಇಟ್ಟುಕೊಳ್ಳುತ್ತಾನೆ. ಹೀಗೆ ಓದುಗನೇ ನಾಯಕನಾಗಿ ಕಥೆಯನ್ನು ಪ್ರವೇಶಿಸಿದನು.

ಷ್ವಾರ್ಟ್ಸ್ ಅವರು ತಮ್ಮ ಬಾಲ್ಯವನ್ನು ಮರೆತಿರಲಿಲ್ಲ. 1960ರ ದಶಕದ ಆರಂಭದಲ್ಲಿ ಅವರು ತಮ್ಮ ಪುಸ್ತಕಗಳ ಓದುಗರ ಪುಟದಲ್ಲಿ ಕಾಗದ ಬರೆದವರ ಪೂರ್ಣ ವಿಳಾಸವನ್ನು ಅಚ್ಚುಮಾಡಿಸತೊಡಗಿದರು. ಉತ್ತಮವಾದ ಕಾಗದಗಳನ್ನು ಬರೆದವರಿಗೆ ಚಿತ್ರಕಾರರು ಸ್ವಹಸ್ತದಿಂದ ಬರೆದ ಮೂಲ ಚಿತ್ರಗಳನ್ನು ಬಹುಮಾನವಾಗಿ ಕಳುಹಿಸಿದರು. ಹಿಂದೆ ಗರ್ನ್ಸ್‌ಬ್ಯಾಕರ ಪತ್ರಿಕೆಯಲ್ಲಿ ನಡೆದದ್ದೇ ಇಲ್ಲಿಯೂ ನಡೆಯಿತು. ಡೆಟ್ರಾಯ್ಟ್ ನಗರದ ಅಧ್ಯಾಪಕರಾದ ಜೆರ್ರಿ ಬೇಲ್ಸ್ ಮತ್ತು ಮಿಸೂರಿ ರಾಜ್ಯದ ರಾಯ್ ಥಾಮಸ್ ಎಂಬ ತರುಣರಿಗೆ 1960ರಲ್ಲಿ ಕಾಗದಗಳ ಮೂಲಕ ಪರಿಚಯವಾಗಿತ್ತು. 1961ರಲ್ಲಿ ಬೇಲ್ಸ್ ಅವರು ಥಾಮಸರ ನೆರವಿನಿಂದ ‘ಆಲ್ಟರ್ ಈಗೊ’ ಎಂಬ ಅಭಿಮಾನಿ ಪತ್ರಿಕೆಯನ್ನು ಹೊರಡಿಸಿದರು. ಅಚ್ಚಿನ ಮನೆಯ ಅನುಕೂಲವಿಲ್ಲದೆ, ಕೈಯಿಂದ ತಿರುಗಿಸುವ ಪ್ರತಿ ತೆಗೆಯುವ ಯಂತ್ರದಲ್ಲಿ ಅದರ ಪುಟಗಳು ಸಿದ್ಧವಾದವು. ಪತ್ರಿಕೆಯನ್ನು ಯಾರಿಗೆ ಕಳುಹಿಸಬೇಕೆಂಬ ಪ್ರಶ್ನೆಗೆ ಓದುಗರ ಪುಟದ ವಿಳಾಸಗಳೇ ಉತ್ತರವಾದವು. ರಾಯ್ ಥಾಮಸ್ ಮುಂದೆ ಶಾಲೆಯ ಉಪಾಧ್ಯಾಯ ವೃತ್ತಿಯನ್ನು ಬಿಟ್ಟು, 1965ರಲ್ಲಿ ಮಾರ್ವೆಲ್ ಸಂಸ್ಥೆಯ ಕಥೆಗಾರರಾದರು. 1972ರಲ್ಲಿ ಅದರ ಪ್ರಧಾನ ಸಂಪಾದಕರಾದರು.

ಮಾರ್ವೆಲ್ ಸಂಸ್ಥೆಯ ಹೆಸರು ಮೇಲೆ ಬಂದದ್ದೂ ಆ ದಿನಗಳಲ್ಲಿಯೇ. ಸ್ಟ್ಯಾನ್ ಲೀ ಎಂಬ ಸಂಪಾದಕರು ಜಾಕ್ ಕರ್ಬಿ, ಸ್ಟೀವ್ ಡಿಟ್ಕೊ ಎಂಬ ಚಿತ್ರಕಾರರೊಡನೆ ಹೊಸ ಬಗೆಯ ವೀರರನ್ನು ಸೃಷ್ಟಿಸಿದರು. 1961ರಲ್ಲಿ ‘ಫೆಂಟಾಸ್ಟಿಕ್ ಫೋರ್’ ಎಂಬ ನಾಲ್ವರ ತಂಡವೂ, 1962ರಲ್ಲಿ ಸ್ಪೈಡರ್‌ಮ್ಯಾನನೂ ಬಂದರು. ಹಳೆಯ ವೀರರಿಗೆ ಮನೆಯ ಬಾಡಿಗೆಯ ಚಿಂತೆಯಿರಲಿಲ್ಲ, ನೆಗಡಿಯೂ ಬರುತ್ತಿರಲಿಲ್ಲ. ಹೊಸ ವೀರರು ಹಾಗಲ್ಲ. ಸ್ಪೈಡರ್‌ಮ್ಯಾನನು ಪೀಟರ್ ಪಾರ್ಕರ್ ಎಂಬ ಶಾಲಾ ಹುಡುಗ. ಅವನಿಗೆ ಹಣದ ಕೊರತೆಯುಂಟು, ಸಹಪಾಠಿಗಳ ಹಾಸ್ಯದ ಕಾಟವುಂಟು. ಒಮ್ಮೆ ಕಳ್ಳನೊಬ್ಬನನ್ನು ತಡೆಯಬಹುದಾಗಿದ್ದರೂ ಅವನು ತನಗೇಕೆ ಎಂದು ಸುಮ್ಮನಿದ್ದುಬಿಡುತ್ತಾನೆ. ಅದೇ ಕಳ್ಳನು ಮುಂದೆ ಅವನನ್ನು ಸಾಕಿದ ದೊಡ್ಡಪ್ಪನನ್ನು ಕೊಲ್ಲುತ್ತಾನೆ. ಆ ಪಶ್ಚಾತ್ತಾಪವೇ ಪೀಟರನನ್ನು ವೀರನನ್ನಾಗಿ ಮಾಡುತ್ತದೆ. ಇಂತಹ ಕಥೆಗಳು ಬಂದ ಮೇಲೆ ಓದುಗರ ಚರ್ಚೆಯ ಧಾಟಿಯೂ ಬದಲಾಯಿತು. ಯಾರಿಗೆ ಬಲ ಹೆಚ್ಚು ಎಂಬ ಪ್ರಶ್ನೆಯ ಜೊತೆಗೆ, ಯಾರು ಮಾಡಿದ್ದು ಸರಿ ಎಂಬ ಪ್ರಶ್ನೆಯೂ ಅವರ ಮುಂದೆ ನಿಂತಿತು.

ಓದುಗರ ಕಣ್ಣು ಬಹಳ ಚುರುಕು. ಅಮಾನುಷ ಬಲದ ಹಲ್ಕ್ ಆಗಿ ಮಾರ್ಪಡುವ ವಿಜ್ಞಾನಿಯ ಹೆಸರು ಬ್ರೂಸ್ ಬ್ಯಾನರ್. ಸ್ಟ್ಯಾನ್ ಲೀ ಒಮ್ಮೆ ಮರೆವಿನಿಂದ ಅವನನ್ನು ಬಾಬ್ ಬ್ಯಾನರ್ ಎಂದು ಕರೆದರು. ಓದುಗರು ಬಿಡುವರೆ? ತಪ್ಪನ್ನು ಎತ್ತಿ ತೋರಿಸಿದರು. ಬಾಬ್ ಎಂಬುದು ರಾಬರ್ಟ್ ಎಂಬ ಹೆಸರಿನ ಮೊಟಕು ರೂಪ. ಆದುದರಿಂದ ಆ ವಿಜ್ಞಾನಿಯ ಪೂರ್ಣ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ಲೀ ಉತ್ತರ ಕೊಟ್ಟು ನಕ್ಕುಬಿಟ್ಟರು. ಅಂದಿನಿಂದ ಅದೇ ಅವನ ಹೆಸರಾಗಿ ಉಳಿದಿದೆ. ಇಂತಹ ಕಾಗದಗಳಿಗಾಗಿ ಲೀ ಒಂದು ವಿಚಿತ್ರ ಬಹುಮಾನವನ್ನೂ ಏರ್ಪಡಿಸಿದರು. ‘ನೋ ಪ್ರೈಜ್’ ಎಂದು ಅದರ ಹೆಸರು. ಎಂದರೆ, ಬಹುಮಾನವಿಲ್ಲವೆಂಬ ಬಹುಮಾನ. ಕಾಲಾನಂತರದಲ್ಲಿ ಅದನ್ನು ಗೆದ್ದವರಿಗೆ ಅಭಿನಂದನೆಯ ಮಾತು ಅಚ್ಚಾಗಿದ್ದ ಒಂದು ಲಕೋಟೆ ಬರತೊಡಗಿತು. ಒಡೆದು ನೋಡಿದರೆ ಒಳಗೆ ಏನೂ ಇಲ್ಲ. ವಿನೋದವು ತಿಳಿಯದ ಕೆಲವರು, ಬಹುಮಾನವು ದಾರಿಯಲ್ಲಿ ಬಿದ್ದುಹೋಗಿರಬೇಕೆಂದು ಮತ್ತೆ ಕಾಗದ ಬರೆದರಂತೆ! ಆದರೂ ಆ ಬರಿದಾದ ಲಕೋಟೆಗಾಗಿ ಓದುಗರು ಹಂಬಲಿಸಿದರು. ತಪ್ಪನ್ನು ತೋರಿಸಿದರೆ ಸಾಲದು, ಅದು ತಪ್ಪಲ್ಲವೆಂದು ಯುಕ್ತಿಯಿಂದ ಸಮರ್ಥಿಸಿದವನಿಗೆ ಬಹುಮಾನ ಎಂಬ ಪದ್ಧತಿಯು ಕ್ರಮೇಣ ರೂಢಿಗೆ ಬಂದಿತು. ಆಟದ ನೆಪದಲ್ಲಿ ಮಕ್ಕಳು ತರ್ಕವನ್ನು ಕಲಿತರು.

ಆ ಓದುಗರ ಪುಟದಲ್ಲಿ 1963ರಲ್ಲಿ ನ್ಯೂಜೆರ್ಸಿ ರಾಜ್ಯದ ಬೇಯಾನ್ ಎಂಬ ಊರಿನ ಬಾಲಕನೊಬ್ಬನ ಕಾಗದ ಅಚ್ಚಾಯಿತು. ಅವನ ಹೆಸರು ಜಾರ್ಜ್ ಮಾರ್ಟಿನ್. ತನ್ನ ಮಾತು ಅಚ್ಚಿನಲ್ಲಿ ಬಂದುದನ್ನು ಕಂಡ ಹುಡುಗನು ಅಭಿಮಾನಿ ಪತ್ರಿಕೆಗಳಿಗೆ ಕಥೆ ಬರೆಯತೊಡಗಿದನು. ಮುಂದೆ ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಹೆಸರಿನಿಂದ ಅವನು ಲೋಕಪ್ರಸಿದ್ಧ ಕಾದಂಬರಿಕಾರನಾದನು.

ಇನ್ನೊಬ್ಬ ಬಾಲಕನ ಕಥೆ ಇದಕ್ಕಿಂತಲೂ ಸ್ವಾರಸ್ಯಕರವಾಗಿದೆ. ಪಿಟ್ಸ್‌ಬರ್ಗ್ ನಗರದ ಉಕ್ಕಿನ ಕಾರ್ಮಿಕನೊಬ್ಬನ ಮಗನಾದ ಜಿಮ್ ಷೂಟರ್ ಹನ್ನೆರಡನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ಆಸ್ಪತ್ರೆ ಸೇರಿದನು. ಅಲ್ಲಿ ಕೈಗೆ ಸಿಕ್ಕ ಕಾಮಿಕ್ಸ್ ಪುಸ್ತಕಗಳನ್ನೆಲ್ಲ ಓದಿದನು. ಮಾರ್ವೆಲ್ ಸಂಸ್ಥೆಯ ಕಥೆಗಳು ರಂಜಿಸುತ್ತವೆ, ಮತ್ತೊಂದು ಸಂಸ್ಥೆಯ ಕಥೆಗಳು ಸಪ್ಪೆ ಎಂದು ಅವನಿಗೆ ಅನಿಸಿತು. ಇಷ್ಟಕ್ಕೇ ಬಿಟ್ಟಿದ್ದರೆ ಅದು ಬರಿಯ ಅಭಿರುಚಿಯ ಮಾತಾಗುತ್ತಿತ್ತು. ಆದರೆ ಏಕೆ ಹೀಗೆ ಎಂದು ಅವನು ತನ್ನನ್ನೇ ಕೇಳಿಕೊಂಡನು. ಸುಮಾರು ಒಂದು ವರ್ಷ ಆ ಪುಸ್ತಕಗಳನ್ನು ಪಾಠದಂತೆ ಅಭ್ಯಾಸ ಮಾಡಿದನು. ಅನಂತರ, ತನಗೆ ಸಪ್ಪೆಯೆನಿಸಿದ ಸಂಸ್ಥೆಯ ವೀರರನ್ನೇ ತೆಗೆದುಕೊಂಡು, ಒಂದು ಕಥೆಯನ್ನು ಬರೆದು, ಚಿತ್ರಗಳನ್ನೂ ಹಾಕಿ ಅಂಚೆಗೆ ಕೊಟ್ಟನು. ಅದು ತಲುಪಿದ್ದು ಷ್ವಾರ್ಟ್ಸ್ ಅವರ ಬಾಲ್ಯದ ಗೆಳೆಯ, ಸಂಪಾದಕ ಮಾರ್ಟ್ ವೈಸಿಂಗರ್ ಅವರ ಕೈಗೆ. ಅವರು ಅದನ್ನು ಮೆಚ್ಚಿಕೊಂಡರು. ಬರೆದವನು ಬಾಲಕನೆಂಬುದು ಅವರಿಗೆ ಮೊದಲು ತಿಳಿದಿರಲಿಲ್ಲ. 1966ರಲ್ಲಿ ಆ ಕಥೆ ಅಚ್ಚಾದಾಗ ಷೂಟರನಿಗೆ ಹದಿನಾಲ್ಕು ವರ್ಷ. ಬರವಣಿಗೆಯಿಂದ ಬಂದ ಹಣವು ಬಡತನದಲ್ಲಿದ್ದ ಕುಟುಂಬಕ್ಕೆ ಆಧಾರವಾಯಿತು. 1978ರಲ್ಲಿ ಅವನು ಮಾರ್ವೆಲ್ ಸಂಸ್ಥೆಯ ಪ್ರಧಾನ ಸಂಪಾದಕನಾದನು. ಚೆನ್ನಾಗಿಲ್ಲ ಎನ್ನುವುದು ಸುಲಭ. ಏಕೆ ಚೆನ್ನಾಗಿಲ್ಲ ಎಂದು ತಿಳಿಯುವುದು ಕಷ್ಟ. ಆ ಕಷ್ಟವನ್ನು ಕೈಗೊಂಡ ಓದುಗನು ಲೇಖಕನಾದನು.

ಓದುಗರು ಕಾಗದಗಳಲ್ಲಿ ಮಾತ್ರವಲ್ಲದೆ ಪ್ರತ್ಯಕ್ಷವಾಗಿಯೂ ಕಲೆಯತೊಡಗಿದರು. 1964ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಚಿಕ್ಕ ಸಮಾವೇಶ ನಡೆಯಿತು. 1970ರ ಆಗಸ್ಟ್ ತಿಂಗಳಲ್ಲಿ ಸ್ಯಾನ್ ಡಿಯಾಗೊ ನಗರದಲ್ಲಿ ನಡೆದ ಸಮಾವೇಶಕ್ಕೆ ಸುಮಾರು 300 ಜನ ಬಂದಿದ್ದರು. ಅದೇ ಊರಿನ ವಾರ್ಷಿಕ ಸಮಾವೇಶಕ್ಕೆ ಈಗ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆ. ಈ ಬೆಳವಣಿಗೆಯನ್ನು ಗಮನಿಸಿದವರಲ್ಲಿ, ಕಾಮಿಕ್ಸ್ ಪುಸ್ತಕಗಳನ್ನು ಹಿಂದೆ ಉಗ್ರವಾಗಿ ಖಂಡಿಸಿದ್ದ ಡಾಕ್ಟರ್ ವರ್ತಮ್ ಅವರೂ ಒಬ್ಬರು. ಅವರು ಅಭಿಮಾನಿ ಪತ್ರಿಕೆಗಳನ್ನು ತರಿಸಿಕೊಂಡು ಓದಿದರು. ಅವುಗಳನ್ನು ಹೊರಡಿಸುವವರಿಗೆ ಕಾಗದ ಬರೆದರು. 1973ರಲ್ಲಿ ಅವರು ಆ ಪತ್ರಿಕೆಗಳನ್ನು ಕುರಿತೇ ಒಂದು ಪುಸ್ತಕವನ್ನು ಪ್ರಕಟಿಸಿ, ಯಾರ ಒತ್ತಾಯವೂ ಇಲ್ಲದೆ, ಲಾಭದ ಆಸೆಯೂ ಇಲ್ಲದೆ ಜನರು ಪರಸ್ಪರ ವಿಚಾರ ವಿನಿಮಯ ಮಾಡುವ ಆರೋಗ್ಯಕರ ಮಾರ್ಗವೆಂದು ಅವುಗಳನ್ನು ಪ್ರಶಂಸಿಸಿದರು. ಪುಸ್ತಕವನ್ನು ನೋಡಿ ಕಳವಳಪಟ್ಟಿದ್ದ ಪಂಡಿತರು, ಓದುಗರ ಮಾತನ್ನು ಕೇಳಿ ಸಮಾಧಾನಗೊಂಡರು.

ಅಭಿಮಾನಕ್ಕೆ ನಿಜವಾದ ಪರೀಕ್ಷೆ ಒದಗಿದ್ದು 1975ರಲ್ಲಿ. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಸೀಗಲ್ ಮತ್ತು ಷೂಸ್ಟರರನ್ನು ಲೋಕವು ಅಷ್ಟರಲ್ಲಿ ಮರೆತಿತ್ತು. 1947ರಲ್ಲಿ ಅವರು ತಮ್ಮ ಹಕ್ಕಿಗಾಗಿ ನ್ಯಾಯಾಲಯದ ಮೊರೆ ಹೊಕ್ಕಿದ್ದರು; ಆದರೆ ಸೂಪರ್‌ಮ್ಯಾನ್ ಅವರಿಗೆ ದಕ್ಕಲಿಲ್ಲ. ಕಥೆಗಳ ಮೇಲಿದ್ದ ಅವರ ಹೆಸರುಗಳೂ ಮಾಯವಾದವು. ಸೀಗಲ್ ಲಾಸ್ ಏಂಜಲೀಸ್ ನಗರದಲ್ಲಿ ಅಲ್ಪ ಸಂಬಳದ ಗುಮಾಸ್ತರಾಗಿದ್ದರು. ಷೂಸ್ಟರ್ ಅವರ ಕಣ್ಣುಗಳು ಮಂಜಾಗಿ, ಚಿತ್ರ ಬರೆಯುವ ಶಕ್ತಿಯೇ ಹೋಗಿತ್ತು. ಸೂಪರ್‌ಮ್ಯಾನನನ್ನು ಕುರಿತು ಅಪಾರ ವೆಚ್ಚದ ಚಲನಚಿತ್ರವೊಂದು ಸಿದ್ಧವಾಗಲಿದೆ ಎಂಬ ಸುದ್ದಿ ಕೇಳಿದಾಗ ಸೀಗಲ್ ತಮ್ಮ ನೋವನ್ನೆಲ್ಲ ತೋಡಿಕೊಂಡು ಪತ್ರಿಕೆಗಳಿಗೆ ಒಂದು ದೀರ್ಘವಾದ ಓಲೆಯನ್ನು ಬರೆದರು. ಬಾಲ್ಯದಲ್ಲಿ ಓದುಗನಾಗಿ ಕಾಗದ ಬರೆದಿದ್ದವರು ಮುಪ್ಪು ಸಮೀಪಿಸಿದಾಗ ಮತ್ತೊಮ್ಮೆ ಕಾಗದವನ್ನೇ ನಂಬಿದರು.

ಆ ಓಲೆಯು ವ್ಯರ್ಥವಾಗಲಿಲ್ಲ. ನೀಲ್ ಆಡಮ್ಸ್ ಮತ್ತು ಜೆರ್ರಿ ರಾಬಿನ್ಸನ್ ಎಂಬ ಚಿತ್ರಕಾರರು ಆ ಇಬ್ಬರ ಪರವಾಗಿ ಟೊಂಕಕಟ್ಟಿ ನಿಂತರು. ವ್ಯಂಗ್ಯಚಿತ್ರಕಾರರ ಸಂಘದವರು ದನಿಗೂಡಿಸಿದರು. ಪತ್ರಿಕೆಗಳೂ ದೂರದರ್ಶನವೂ ಈ ಅನ್ಯಾಯವನ್ನು ಊರಿಂದೂರಿಗೆ ಸಾರಿದವು. ಲಕ್ಷಾಂತರ ಮಕ್ಕಳಿಗೆ ನ್ಯಾಯವನ್ನು ಬೋಧಿಸಿದ ಪಾತ್ರವನ್ನು ಕೊಟ್ಟವರಿಗೇ ನ್ಯಾಯವಿಲ್ಲವೆ ಎಂಬ ಪ್ರಶ್ನೆಗೆ ಹಕ್ಕುದಾರ ಸಂಸ್ಥೆಯಲ್ಲಿ ಉತ್ತರವಿರಲಿಲ್ಲ. ಕಾಯಿದೆಯ ಪ್ರಕಾರ ಅದು ಏನನ್ನೂ ಕೊಡಬೇಕಾಗಿರಲಿಲ್ಲ. ಆದರೂ 1975ರ ಡಿಸೆಂಬರ್ ತಿಂಗಳಲ್ಲಿ, ಇಬ್ಬರಿಗೂ ಜೀವಾವಧಿ ವರ್ಷಕ್ಕೆ ತಲಾ 20,000 ಡಾಲರುಗಳನ್ನು ಕೊಡಲು ಅದು ಒಪ್ಪಿತು. ಅದಕ್ಕಿಂತ ಮಿಗಿಲಾದದ್ದು ಮತ್ತೊಂದು. ಸೂಪರ್‌ಮ್ಯಾನ್ ಕಥೆಗಳ ಮೇಲೆ ಅವರಿಬ್ಬರ ಹೆಸರುಗಳನ್ನು ಮತ್ತೆ ಅಚ್ಚುಮಾಡಲು ಅದು ಸಮ್ಮತಿಸಿತು. ಷೂಸ್ಟರ್ 1992ರಲ್ಲಿ, ಸೀಗಲ್ 1996ರಲ್ಲಿ ತೀರಿಕೊಂಡರು. ಅವರ ಹೆಸರುಗಳು ಇಂದಿಗೂ ಆ ಪುಟಗಳ ಮೇಲೆ ಇವೆ.

ಓದುಗರ ಮಾತಿಗೆ ಬಲ ಬಂದಾಗ ಅದು ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆ ಎನ್ನಲಾಗದು. 1988ರಲ್ಲಿ ನಡೆದ ಸಂಗತಿಯು ಇದಕ್ಕೆ ಸಾಕ್ಷಿ. ಬ್ಯಾಟ್‌ಮ್ಯಾನನ ಮೊದಲ ಜೊತೆಗಾರನು ಬೆಳೆದು ದೊಡ್ಡವನಾದ ಮೇಲೆ ಜೇಸನ್ ಟಾಡ್ ಎಂಬ ಹುಡುಗನು ಎರಡನೆಯ ರಾಬಿನ್ ಆಗಿದ್ದನು. ದುಡುಕು ಸ್ವಭಾವದ ಆ ಹುಡುಗನನ್ನು ಅನೇಕ ಓದುಗರು ಮೆಚ್ಚಲಿಲ್ಲ. ಸಂಪಾದಕರಾದ ಡೆನ್ನಿಸ್ ಓ’ನೀಲ್ ಒಂದು ಹೊಸ ಪ್ರಯೋಗವನ್ನು ಹೂಡಿದರು. ಕಥೆಯಲ್ಲಿ ಜೋಕರ್ ಎಂಬ ದುಷ್ಟನು ಜೇಸನ್ನನನ್ನು ಹೊಡೆದುರುಳಿಸುತ್ತಾನೆ. ಅವನಿದ್ದ ಕಟ್ಟಡವು ಸಿಡಿಯುತ್ತದೆ. ಅಲ್ಲಿಗೆ ಸಂಚಿಕೆ ಮುಗಿಯಿತು. ಕೊನೆಯ ಪುಟದಲ್ಲಿ ಎರಡು ದೂರವಾಣಿ ಸಂಖ್ಯೆಗಳಿದ್ದವು. ಹುಡುಗನು ಬದುಕಬೇಕೆನ್ನುವವರು ಒಂದಕ್ಕೆ, ಸಾಯಬೇಕೆನ್ನುವವರು ಮತ್ತೊಂದಕ್ಕೆ ಕರೆ ಮಾಡಬೇಕು. ಒಂದು ಕರೆಗೆ 50 ಸೆಂಟ್. ಸುಮಾರು ಒಂದೂವರೆ ದಿನದಲ್ಲಿ 10,614 ಕರೆಗಳು ಬಂದವು. ಬದುಕಲಿ ಎಂದವು 5,271. ಸಾಯಲಿ ಎಂದವು 5,343. ಕೇವಲ 72 ಕರೆಗಳ ಅಂತರದಿಂದ ಆ ಹುಡುಗನ ಮರಣವು ನಿರ್ಧಾರವಾಯಿತು.

ಮುಂದಿನ ಸಂಚಿಕೆಯಲ್ಲಿ ಬ್ಯಾಟ್‌ಮ್ಯಾನನು ಹುಡುಗನ ಹೆಣವನ್ನು ಎತ್ತಿಕೊಂಡು ಬಂದನು. ಅದನ್ನು ಕಂಡು ಜನ ಬೆಚ್ಚಿದರು. ಸಂಪಾದಕರ ಮೇಲೆ ನಿಂದೆಯ ಮಳೆ ಸುರಿಯಿತು. ಒಬ್ಬನೇ ಎಷ್ಟು ಬಾರಿ ಬೇಕಾದರೂ ಕರೆ ಮಾಡಬಹುದಾಗಿತ್ತು ಎಂಬುದನ್ನು ನೆನೆದರೆ, ಆ ತೀರ್ಪು ಎಷ್ಟು ಜನರದು ಎಂದು ಹೇಳುವುದೂ ಕಷ್ಟ. ಜೇಸನ್ ಕೇವಲ ಕಥೆಯ ಹುಡುಗ; ಗಾಸಿಗೊಂಡದ್ದು ಕಾಗದದ ಮೇಲಿನ ಜೀವ. ಹದಿನೇಳು ವರ್ಷಗಳ ಮೇಲೆ, 2005ರಲ್ಲಿ, ಕಥೆಗಾರರು ಅವನನ್ನು ಮತ್ತೆ ಬದುಕಿಸಿದ್ದೂ ಉಂಟು. ಆದರೂ ಈ ಘಟನೆಯು ಒಂದು ಪಾಠವನ್ನು ಕಲಿಸುತ್ತದೆ. ಕಾಗದ ಬರೆಯುವವನು ತನ್ನ ಅಭಿಪ್ರಾಯಕ್ಕೆ ಕಾರಣ ಕೊಡಬೇಕು. ಕೊನೆಯಲ್ಲಿ ತನ್ನ ಹೆಸರನ್ನು ಬರೆಯಬೇಕು. ಕರೆ ಮಾಡುವವನಿಗೆ ಕಾರಣವೂ ಬೇಡ, ಹೆಸರೂ ಬೇಡ. ಕಾರಣವನ್ನೂ ಹೆಸರನ್ನೂ ಕಳೆದುಕೊಂಡ ಮಾತು ಎಷ್ಟು ನಿರ್ದಯವಾಗಬಲ್ಲದು ಎಂಬುದನ್ನು ಆ ಒಂದೂವರೆ ದಿನವು ತೋರಿಸಿಕೊಟ್ಟಿತು.

ಓದುಗರ ಮಾತಿಗೆ ಕಿವಿಗೊಡುವ ಪದ್ಧತಿಯು ನಮ್ಮ ದೇಶಕ್ಕೆ ಹೊಸದೇನಲ್ಲ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು, ಫ್ಯಾಂಟಮ್ ಮೊದಲಾದ ಅಮೆರಿಕದ ವೀರರನ್ನು ಭಾರತದ ಮಕ್ಕಳಿಗೆ ಪರಿಚಯಿಸಿದ ‘ಇಂದ್ರಜಾಲ ಕಾಮಿಕ್ಸ್’ ಮಾಲೆಗಾಗಿ ದುಡಿದವರು. 1967ರಲ್ಲಿ ಅವರು ‘ಅಮರ ಚಿತ್ರಕಥೆ’ಯ ಮೂಲಕ ನಮ್ಮ ಪುರಾಣ ಇತಿಹಾಸಗಳ ವೀರರತ್ತ ತಿರುಗಿದರು. 1980ರಲ್ಲಿ ‘ಟಿಂಕಲ್’ ಪತ್ರಿಕೆ ಆರಂಭವಾದಾಗ, ಮಕ್ಕಳೇ ಬರೆದು ಕಳುಹಿಸಿದ ಕಥೆಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಮಕ್ಕಳು ಅವರನ್ನು ‘ಅಂಕಲ್ ಪೈ’ ಎಂದೇ ಕರೆದು ಕಾಗದ ಬರೆದರು.

ಅಮೆರಿಕದ ವೀರರ ಸಾಲಿಗೆ ಈಚೆಗೆ ಸೇರಿದವರಲ್ಲಿ ಕಮಲಾ ಖಾನ್ ಎಂಬ ಹುಡುಗಿಯು ಗಮನಾರ್ಹಳು. 2014ರಲ್ಲಿ ‘ಮಿಸ್ ಮಾರ್ವೆಲ್’ ಎಂಬ ಹೆಸರಿನಿಂದ ಅವಳ ಪುಸ್ತಕಮಾಲೆ ಹೊರಟಿತು. ಬರೆದವರು ಜಿ. ವಿಲ್ಲೋ ವಿಲ್ಸನ್, ಚಿತ್ರಗಳನ್ನು ಬರೆದವರು ಏಡ್ರಿಯನ್ ಆಲ್ಫೋನಾ. ಕಮಲಾ ಪಾಕಿಸ್ತಾನದಿಂದ ಬಂದು ಜೆರ್ಸಿ ಸಿಟಿಯಲ್ಲಿ ನೆಲೆಸಿದ ಮುಸ್ಲಿಂ ಕುಟುಂಬದ ಮಗಳು. ಅವಳು ಸಹ ಒಬ್ಬ ಅಭಿಮಾನಿ. ತನ್ನ ಮೆಚ್ಚಿನ ವೀರರನ್ನು ಕುರಿತು ತಾನೇ ಕಥೆಗಳನ್ನು ಕಟ್ಟಿ ಬರೆಯುವುದು ಅವಳ ಹವ್ಯಾಸ. ಅಕಸ್ಮಾತ್ತಾಗಿ ರೂಪ ಬದಲಿಸುವ ಶಕ್ತಿ ಒದಗಿದಾಗ ಅವಳು ಮೊದಲು ತನ್ನ ಆರಾಧ್ಯ ವೀರನಾರಿಯ ರೂಪವನ್ನೇ ತಾಳುತ್ತಾಳೆ. ಹೊಂಬಣ್ಣದ ಕೂದಲು, ಬಿಳಿಯ ಮೈಬಣ್ಣ. ಆದರೆ ಆ ರೂಪವು ಅವಳಿಗೆ ನೆಮ್ಮದಿ ಕೊಡುವುದಿಲ್ಲ. ಕ್ರಮೇಣ ಅವಳು ತನ್ನದೇ ಮುಖದಿಂದ, ತಾನೇ ಸಿದ್ಧಪಡಿಸಿಕೊಂಡ ಉಡುಪಿನಿಂದ ಜನರ ನೆರವಿಗೆ ಬರುತ್ತಾಳೆ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಕೆಲವು ಬಸ್ಸುಗಳ ಮೇಲೆ ಮುಸ್ಲಿಮರನ್ನು ಹೀಯಾಳಿಸುವ ಜಾಹೀರಾತುಗಳು ಕಾಣಿಸಿಕೊಂಡವು. ಯಾರೋ ಅವುಗಳ ಮೇಲೆ ಕಮಲಾಳ ಚಿತ್ರವನ್ನೂ ದ್ವೇಷವನ್ನು ಖಂಡಿಸುವ ಮಾತುಗಳನ್ನೂ ಅಂಟಿಸಿ ಮುಚ್ಚಿದರು. ಕಥೆಯ ಹುಡುಗಿಯೊಬ್ಬಳು ಹೀಗೆ ನಿಜವಾದ ಬೀದಿಯಲ್ಲಿ ನಿಂತು ದ್ವೇಷಕ್ಕೆ ಅಡ್ಡವಾದಳು.

ಅದೇ ವರ್ಷ ಕಮಲಾಳ ಮೊದಲ ಸಂಪುಟಕ್ಕೆ ಒಂದು ಪ್ರಶಸ್ತಿ ಬಂದಿತು. ಅದನ್ನು ಕೊಡುವವರು ಪಂಡಿತರ ಮಂಡಳಿಯವರಲ್ಲ. ವಿಶ್ವ ವೈಜ್ಞಾನಿಕ ಕಥಾ ಸಮಾವೇಶದ ಸದಸ್ಯರಾದ ಓದುಗರೇ ಮತ ಕೊಟ್ಟು ಆರಿಸುತ್ತಾರೆ. ಪ್ರಶಸ್ತಿಯ ಹೆಸರು ಹ್ಯೂಗೊ. ಓದುಗರ ಕಾಗದಗಳ ಕೆಳಗೆ ಅವರ ವಿಳಾಸವನ್ನು ಅಚ್ಚುಮಾಡಿದ ಹ್ಯೂಗೊ ಗರ್ನ್ಸ್‌ಬ್ಯಾಕರ ನೆನಪಿಗಾಗಿ ಇಟ್ಟ ಹೆಸರು ಅದು.

ಯಾವ ವೀರನು ಹೆಚ್ಚು ಎಂಬ ವಾದಕ್ಕೆ ಇನ್ನೂ ಕೊನೆಯಿಲ್ಲ. ಕೊನೆಯಾಗಬೇಕಾದ ಅಗತ್ಯವೂ ಇಲ್ಲ. ಹಾರುವ ಶಕ್ತಿಯಾಗಲಿ ಗೋಡೆಯನ್ನೇರುವ ಶಕ್ತಿಯಾಗಲಿ ಓದುಗನಿಗೆ ಇಲ್ಲ. ಅವನಿಗಿರುವುದು ಒಂದು ಹಾಳೆ ಕಾಗದ, ಒಂದು ಲೇಖನಿ, ತನ್ನದೊಂದು ಅಭಿಪ್ರಾಯ. ಅದನ್ನು ವಿಚಾರ ಮಾಡಿ ಬರೆದರೆ, ಅನ್ಯಾಯಕ್ಕೆ ಒಳಗಾದವರ ಪರವಾಗಿ ಬರೆದರೆ, ಕೆಳಗೆ ತನ್ನ ಹೆಸರನ್ನು ಹಾಕುವಷ್ಟು ಧೈರ್ಯದಿಂದ ಬರೆದರೆ, ಆ ಓಲೆಯು ಎಷ್ಟು ದೂರ ತಲುಪಬಲ್ಲದು ಎಂಬುದಕ್ಕೆ ಕ್ಲೀವ್‌ಲೆಂಡಿನ ಆ ಇಬ್ಬರು ಹುಡುಗರ ಹೆಸರುಗಳೇ ಸಾಕ್ಷಿಯಾಗಿವೆ.

ಅಭ್ಯಾಸ

1. ಗರ್ನ್ಸ್‌ಬ್ಯಾಕರು ಓದುಗರ ವಿಳಾಸಗಳನ್ನು ಅಚ್ಚುಮಾಡಿದುದರಿಂದ ಉಂಟಾದ ಪರಿಣಾಮವೇನು?
2. ಹಳೆಯ ವೀರರಿಗೂ ಸ್ಪೈಡರ್‌ಮ್ಯಾನನಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. ಜಿಮ್ ಷೂಟರನು ಓದುಗನಿಂದ ಲೇಖಕನಾದುದು ಹೇಗೆ?
4. ಡಾಕ್ಟರ್ ವರ್ತಮ್ ಅವರ ಅಭಿಪ್ರಾಯದಲ್ಲಿ ಕಂಡುಬಂದ ಬದಲಾವಣೆಯನ್ನು ತಿಳಿಸಿರಿ.
5. 1975ರ ಘಟನೆಯನ್ನೂ 1988ರ ಘಟನೆಯನ್ನೂ ಹೋಲಿಸಿ, ಓದುಗರ ಹೊಣೆಯನ್ನು ಕುರಿತು ಒಂದು ಪುಟದಷ್ಟು ಬರೆಯಿರಿ.
6. ನೀವು ಓದಿದ ಕಥೆಯೊಂದರಲ್ಲಿ ನಿಮಗೆ ಮೆಚ್ಚಿಗೆಯಾದ ಅಥವಾ ಮೆಚ್ಚಿಗೆಯಾಗದ ಪಾತ್ರವನ್ನು ಕುರಿತು, ಕಾರಣಗಳೊಡನೆ, ಸಂಪಾದಕರಿಗೆ ಒಂದು ಕಾಗದ ಬರೆಯಿರಿ.